ಒಂದು ದೀರ್ಘದ ಬೆನ್ನು ಹತ್ತಿ ನಾಲ್ಕು ತಾಲ್ಲೂಕು

ತುಮಕೂರಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಯ ಸಿರಾ ಬಸ್ಸು ಹಿಡಿಯುವುದು ಎಂದು ಮಾತಾಗಿತ್ತು. ನಾನು ಆರಕ್ಕೇ ಹೋದೆ. ಸಿನಿಮಾದವರು, ಹೇಳಿದ ಹೊತ್ತಿಗೆ ಎಲ್ಲಿ ಬಂದಾರು ಎಂದು ಗೊಣಗುತ್ತ ಕ್ಯಾಂಟೀನಿಗೆ ಕಾಫಿಗೆಂದು ನುಗ್ಗಿದರೆ, ಮೂಲೆಯ ಬೆಂಚಿನ ಮೇಲೆ ನೂಲಿನ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಹೆಂಗಸೊಬ್ಬರು, "ಪಂಡಿತರೇ, ಕಾಫಿ ಬೇಡ, ಬರೀ ಚಿಕೋರಿ. ಟೀ ಪರವಾಗಿಲ್ಲ" ಎಂದರು. ಸರ್ವಮಂಗಳಮ್ಮ ನನಗಿಂತ ಮೊದಲೇ ಬಂದು ಕೂತಿದ್ದರು. ನಾನು ಇಂಗು ತಿಂದ ಮಂಗನಂತಾದೆ.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಸಂಧಿ, ಸಮಾಸ, ಛಂದಸ್ಸು ಹೇಳಿಕೊಡುವುದು, ಮಕ್ಕಳ ಉತ್ತರಪತ್ರಿಕೆಯಲ್ಲಿ ಹ್ರಸ್ವ ದೀರ್ಘ ತಪ್ಪಿದಲ್ಲೆಲ್ಲ ಕೆಂಪು ಮಸಿಯಲ್ಲಿ ಗೀಟು ಹಾಕಿ ಅರ್ಧ ಅಂಕ ಕಳೆಯುವುದು ನನ್ನ ಕಸುಬು. ನಾಟಕದ ಹುಚ್ಚು ಬೇರೆ. ಮಾಸಪತ್ರಿಕೆಯೊಂದರವರು ಸರ್ವಮಂಗಳಮ್ಮನವರ ಕಲಾಜೀವನದ ಬಗ್ಗೆ ಬರೆದುಕೊಡಿ ಎಂದಾಗ ಅವರಿಗೆ ಕಾಗದ ಹಾಕಿದೆ. ಕಾರ್ಡಿನಲ್ಲಿ ಉತ್ತರ ಬಂತು. "ಕೂತು ಹೇಳುವಷ್ಟು ದೊಡ್ಡ ಕಥೆ ನನ್ನದಲ್ಲ. ದಸರಾ ರಜದಲ್ಲಿ ನಿಮ್ಮ ಕಡೆ ನಾಲ್ಕು ದಿನ ಬಸ್ಸಿನಲ್ಲಿ ಓಡಾಡುವುದಿದೆ. ಜೊತೆಗೆ ಬರುವುದಾದರೆ ಬನ್ನಿ." ನನ್ನ ಹೆಂಡತಿ ಕಾರ್ಡನ್ನು ಎರಡು ಸಲ ಓದಿ, "ಹೋಗಿ ಬನ್ನಿ, ನಿಮ್ಮನ್ನ ಯಾರು ಹಾರಿಸ್ಕೊಂಡು ಹೋಗ್ತಾರೆ" ಎಂದು ಚಪಾತಿ ಕಟ್ಟಿಕೊಟ್ಟಳು. ಇದು ಎಂಬತ್ತರ ದಶಕದ ನಡುಗಾಲದ ಮಾತು.

ಸಿರಾಕ್ಕೆ ಐವತ್ತು ಕಿಲೋಮೀಟರಿನ ದಾರಿ. ಕಾರು ಯಾಕೆ ತರಲಿಲ್ಲ ಎಂದು ಕೇಳಿದೆ. "ಕಾರಲ್ಲಿ ಹೋದರೆ ಜನ ಸಲಾಂ ಹೊಡೀತಾರೆ, ದಾರಿ ಹೇಳೋದಿಲ್ಲ" ಎಂದರು. ಆಮೇಲೆ ನಾನು ಕೇಳಿದ್ದಕ್ಕೆಲ್ಲ ಸಂಕೋಚವಿಲ್ಲದೆ ಉತ್ತರ ಕೊಟ್ಟರು. ಏಳನೆಯ ವಯಸ್ಸಿಗೆ ಮೈಸೂರಿನಲ್ಲಿ ವೃದ್ಧ ವಿದ್ವಾಂಸರೊಬ್ಬರ ಬಳಿ ಸಂಗೀತಕ್ಕೆ ಕೂತವರು. ಒಂದು ವರ್ಷ ಬರೀ ಸರಳೆ, ಜಂಟಿವರಸೆ. ಜೊತೆಗೆ ಭರತನಾಟ್ಯ. ತಂದೆ ತೀರಿಕೊಂಡಾಗ ಹದಿನಾರು. ಮನೆ ನಡೆಯಬೇಕಲ್ಲ, ನಾಟಕದ ಕಂಪನಿ ಸೇರಿದರು. ತ್ಯಾಗರಾಜರ ಕೃತಿ ಹಾಡುವ ಬಾಯಲ್ಲಿ ಕಂಪನಿ ಹಾಡೇ ಎಂದು ನೆಂಟರೆಲ್ಲ ಮುಖ ತಿರುಗಿಸಿದರಂತೆ. ಹತ್ತು ವರ್ಷ ಊರೂರು ಕ್ಯಾಂಪು. ಅಲ್ಲಿಂದ ಮದರಾಸು, ಸಿನಿಮಾ. ಒಂದೇ ಒಂದರಲ್ಲಿ ನಾಯಕಿ, ಅದು ಮೂರು ದಿನ ಓಡಿತು. ಉಳಿದದ್ದೆಲ್ಲ ತಾಯಿ, ಅತ್ತೆ, ಮಲತಾಯಿ.

"ಬಡವಿಯ ಪಾತ್ರ ಅಮ್ಮ, ಅಷ್ಟು ನೆಟ್ಟಗೆ ನಿಲ್ಲಬೇಡಿ ಅಂದರು ಒಬ್ಬ ಡೈರೆಕ್ಟರು. ತಲೆ ಮೇಲೆ ಸೌದೆ ಹೊರೆ ಹೊರೋಳು ಬಗ್ಗಿ ನಿಂತರೆ ಹೊರೆ ನಿಲ್ಲುತ್ತಾ ಸ್ವಾಮಿ ಅಂತ ಕೇಳಿದೆ. ಕ್ಯಾಮೆರಾದವರಿಗೆ ಹಾಗೇ ತೆಗೀರಿ ಅಂದರು." ಇದನ್ನು ಹೇಳುವಾಗ ನಕ್ಕರು. ಆ ಚಿತ್ರ ನಾನು ನೋಡಿದ್ದೇನೆ. ಸೌದೆ ಮಾರುವವಳಾಗಿ ಅವರು ನಡೆದು ಬರುವ ರೀತಿಗೇ ಟಿಕೆಟ್ಟಿನ ದುಡ್ಡು ತೀರಿತ್ತು. ಅಳುವ ದೃಶ್ಯಕ್ಕೆ ಕಣ್ಣಿಗೆ ಏನೂ ಹಾಕಿಸಿಕೊಳ್ಳುವುದಿಲ್ಲವಂತೆ. ಮುಖಾರಿ ರಾಗ ಒಳಗೇ ಗುನುಗಿಕೊಂಡರೆ ಸಾಕು, ನೀರು ತಾನೇ ಬರುತ್ತದೆ ಎಂದರು.

ಎದುರು ಸೀಟಿನಲ್ಲಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಬಹಳ ಹೊತ್ತಿನಿಂದ ದುರುಗುಟ್ಟಿ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, "ಅಮ್ಮಯ್ಯ, ಆ ಸಿನ್ಮಾದಾಗೆ ಕೂಸಿಗೆ ಬರೆ ಇಕ್ಕಿದೋಳು ನೀನೇ ಅಲ್ವಾ?" ಎಂದಳು.

"ಹೂಂ ಕಣಮ್ಮ, ನಾನೇ. ತಪ್ಪಾಯ್ತು" ಎಂದು ಮಂಗಳಮ್ಮ ಕೈ ಮುಗಿದರು.

"ಇನ್ನೊಂದ್ ಕಿತ ಅಂಗ್ ಮಾಡ್ಬ್ಯಾಡ. ಹೆಣ್ಣೆಂಗ್ಸು ನೀನು" ಎಂದು ಬುದ್ಧಿ ಹೇಳಿ, ಎರಡು ಸೀಬೆಹಣ್ಣು ಕೊಟ್ಟು ಇಳಿದುಹೋದಳು.

ಮಂಗಳಮ್ಮ ಒಂದು ಹಣ್ಣನ್ನು ನನಗೆ ಕೊಟ್ಟು, ಇನ್ನೊಂದನ್ನು ಸೆರಗಿನಲ್ಲಿ ಒರೆಸಿದರು. ಆಮೇಲೆ ತಾವೇ ಹೇಳಿದರು. "ನೋಡಿ, ಇವಳು ಬೈದಳು, ಮುಗೀತು, ಹಣ್ಣೂ ಕೊಟ್ಟಳು. ನನ್ನನ್ನ ಬೈಯಬೇಕಾದವರು ಒಬ್ಬರು ಬೈಯಲೇ ಇಲ್ಲ ಪಂಡಿತರೇ. ಅವರನ್ನ ಹುಡುಕ್ಕೊಂಡೇ ಈ ಸಲ ಬಂದಿದ್ದು."

ಅವರು ಹುಡುಕುತ್ತಿದ್ದವರು ಗಿರಿಯಪ್ಪ ಮೇಷ್ಟ್ರು. ಕಂಪನಿಯ ಹಾರ್ಮೋನಿಯಂ ಮೇಷ್ಟ್ರು, ಹಾಡು ಬರೆದವರೂ ಅವರೇ, ಮಟ್ಟು ಕಟ್ಟಿದವರೂ ಅವರೇ. ಶಾಸ್ತ್ರೀಯ ಸಂಗೀತ ಬಂದ ಹುಡುಗಿಗೆ ರಂಗದ ಮೇಲೆ ನಿಂತು ಕೊನೆಯ ಸಾಲಿನವನಿಗೂ ಅಕ್ಷರ ಕೇಳಿಸುವಂತೆ ಹಾಡಲು ಕಲಿಸಿದವರು. ಹದಿಮೂರು ವರ್ಷದ ಹಿಂದೆ, ಎಪ್ಪತ್ತರ ದಶಕದ ಮೊದಲಲ್ಲಿ, ಮಧುಗಿರಿ ಕ್ಯಾಂಪಿನಲ್ಲಿ ಮಂಗಳಮ್ಮ ಒಂದು ಹಾಡಿನಲ್ಲಿ ಒಂದು ಅಕ್ಷರ ತಪ್ಪಿದರು. ಮಾರನೆಯ ಬೆಳಿಗ್ಗೆ ಮೇಷ್ಟ್ರು ಯಾರಿಗೂ ಹೇಳದೆ ಕಂಪನಿ ಬಿಟ್ಟುಹೋದರು. ಮತ್ತೆ ಸುದ್ದಿಯಿಲ್ಲ. "ಮೊನ್ನೆ ಒಂದು ಸನ್ಮಾನ. ಹಾರ ಹಾಕಿ ಕೂರಿಸಿ ಆ ಹಾಡು ಹೇಳಿ ಅಂದರು. ಗಂಟಲಿಂದ ಹೊರಡಲೇ ಇಲ್ಲ. ಅವರ ಮುಂದೆ ನಿಂತು ತಪ್ಪಾಯ್ತು ಅನ್ನಬೇಕು, ಅವರು ಬಾಯಿತುಂಬ ಬೈಯಬೇಕು. ಅಷ್ಟಾಗೋವರೆಗೂ ಆ ಹಾಡು ನನ್ನದಲ್ಲ" ಎಂದರು.

ಸಿರಾದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿ ಸಾಲಿನ ಹಿಂದಿನ ಗಲ್ಲಿಯಲ್ಲಿ ದಸ್ತಗೀರ್ ಸಾಬ್ ಎಂಬ ದರ್ಜಿ. ಕಂಪನಿಯ ಉಡುಪುಗಳನ್ನೆಲ್ಲ ಹೊಲಿಯುತ್ತಿದ್ದವರು. ಗಡ್ಡ ಪೂರಾ ನೆರೆತಿತ್ತು, ಹೊಲಿಗೆ ಯಂತ್ರ ಮಾತ್ರ ಹಳೆಯದೇ ಎಂದು ಮಂಗಳಮ್ಮ ನನ್ನ ಕಿವಿಯಲ್ಲಿ ಹೇಳಿದರು. ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿ, "ಅರೆ! ಮಂಗಳಾ ಬೇಟಿ!" ಎಂದು ಎದ್ದೇಬಿಟ್ಟರು. ಟೀ ಬಂತು, ಅದರ ಜೊತೆ ಬಿಸ್ಕತ್ತು ಬಂತು, ಮೊಮ್ಮಗಳು ಬಂದು ಬಾಗಿಲಲ್ಲಿ ನಿಂತು ನೋಡಿಕೊಂಡು ಹೋದಳು.

"ನಿಮ್ದು ಅಳತೆ ಇವತ್ತಿಗೂ ಬಾಯಲ್ಲೈತೆ ನೋಡಿ" ಎಂದರು ಸಾಹೇಬರು. "ಎಲ್ಲಾ ಆ್ಯಕ್ಟರ್‌ಗೂ ಬೆನ್ನು ಅಳತೆ ತಗೊಂಡ್ರೆ ಅರ್ಧ ಇಂಚು ಬಿಡ್ತಿದ್ದೆ, ಬಗ್ತಾರೆ ಅಂತ. ನಿಮಗೆ ಮಾತ್ರ ಬಿಡ್ತಿರ್ಲಿಲ್ಲ."

ಮೇಷ್ಟ್ರ ಮಾತೆತ್ತಿದಾಗ ಅವರು ಲೋಟ ಕೆಳಗಿಟ್ಟರು. "ಅವ್ರು ಹೊರಟ ಬೆಳಿಗ್ಗೆ ನಾನು ನೋಡ್ದೆ ಬೇಟಿ. ಟ್ರಂಕು ಹೊತ್ಕೊಂಡು ಹೋಗ್ತಿದ್ರು. ಮೇಷ್ಟ್ರೇ ಕಹಾಂ ಅಂದ್ರೆ ತಿರುಗೇ ನೋಡ್ಲಿಲ್ಲ."

"ಸಿಟ್ಟಿತ್ತಾ ಮುಖದಲ್ಲಿ?" ಎಂದು ಮಂಗಳಮ್ಮ ಕೇಳಿದರು.

"ಸಿಟ್ಟು ಗೊತ್ತಿಲ್ಲ. ಮುಖದಲ್ಲಿ ರಂಗೇ ಇರ್ಲಿಲ್ಲ" ಎಂದರು ಸಾಹೇಬರು. ಮೇಷ್ಟ್ರ ಊರು ಕೊರಟಗೆರೆ ತಾಲ್ಲೂಕಿನ ತೋವಿನಕೆರೆ, ಅಲ್ಲಿ ಅವರ ಅಕ್ಕ ಇರಬೇಕು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಹೊರಡುವಾಗ ಮಂಗಳಮ್ಮನವರ ಕೈಚೀಲದ ಕಿತ್ತ ಹಿಡಿಯನ್ನು ಎರಡು ನಿಮಿಷದಲ್ಲಿ ಹೊಲಿದು ಕೊಟ್ಟರು.

ಆ ದಿನ ಸಿರಾದಲ್ಲೇ ಉಳಿದು ಮಾರನೆಯ ಬೆಳಿಗ್ಗೆ ಮಧುಗಿರಿಗೆ ಹೊರಟೆವು. ಪ್ರೈವೇಟ್ ಬಸ್ಸು. ಕಂಡಕ್ಟರನು "ಇನ್ನೊಂಚೂರು ಒಳಕ್ಕೋಗಿ, ಒಳಗೆ ಕಲ್ಯಾಣ ಮಂಟಪ ಇದ್ದಂಗೈತೆ" ಎಂದು ಜನರನ್ನು ತುಂಬುತ್ತಲೇ ಇದ್ದ. ನನ್ನ ಕಾಲ ಮೇಲೆ ಯಾರದೋ ಹುರುಳಿ ಮೂಟೆ. ಮಂಗಳಮ್ಮನವರಿಗೆ ಸೀಟು ಸಿಗಲಿಲ್ಲ. ಕಂಬಿಗೆ ಕೈ ಕೂಡ ತಾಗಿಸದೆ, ಪಾದ ಅಗಲಿಸಿ ನಿಂತು, ಬಸ್ಸು ಎಷ್ಟು ಹೊಯ್ದಾಡಿದರೂ ಅಲ್ಲಾಡದೆ ನಲವತ್ತು ಕಿಲೋಮೀಟರು ಬಂದರು. ನಾಟ್ಯ ಕಲಿತದ್ದಕ್ಕೆ ಇದೊಂದು ಲಾಭ ಎಂದು ಅವರೇ ಹಾಸ್ಯ ಮಾಡಿದರು. ನಾನು ಕೂತಿದ್ದರೂ ಎರಡು ಸಲ ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡೆ.

ಮಧುಗಿರಿಯಲ್ಲಿ ಕಂಪನಿ ಡೇರೆ ಹಾಕುತ್ತಿದ್ದ ಬಯಲಿನಲ್ಲಿ ಈಗ ಹುಣಸೆಹಣ್ಣಿನ ಗೋಡೌನು ಎದ್ದಿತ್ತು. ಹಿಂದುಗಡೆ ಬೆಟ್ಟ. ಮಂಗಳಮ್ಮ ಹೆಜ್ಜೆ ಅಳೆದು ಅಳೆದು ಗೋಡೆಯ ಬದಿಗೆ ಹೋಗಿ, "ಇಲ್ಲೇ ಪಂಡಿತರೇ. ನಾನು ಇಲ್ಲಿ, ಮೇಷ್ಟ್ರು ಅಗೋ ಆ ಮೋಟು ಗೋಡೆ ಹತ್ತಿರ, ಕೆಳಗೆ" ಎಂದು ತೋರಿಸಿದರು. ನಡೆದದ್ದನ್ನು ಪೂರ್ತಿಯಾಗಿ ಹೇಳಿದ್ದು ಅಲ್ಲಿಯೇ.

ಅದು ಮೇಷ್ಟ್ರೇ ಬರೆದ ನಾಟಕ. ರಾಣಿಯೊಬ್ಬಳು ಒಬ್ಬನೇ ಮಗನನ್ನು ಯುದ್ಧಕ್ಕೆ ಕಳಿಸುತ್ತಾಳೆ. ಕಳಿಸುವಾಗ ಹಾಡುತ್ತಾಳೆ, ‘ಗೆದ್ದರೆ ಬಾರೋ ಕಂದ ಹೊಸಿಲ ದೀಪಕೆ, ಸೋತರೆ ಬಾರದಿರೊ ಈ ಮನೆಗೆ.’ ಮುಂದೆ ಮಗ ಸೋಲುತ್ತಾನೆ. ತಾಯಿಯ ಮಾತಿಗೆ ಹೆದರಿ ಮನೆಗೆ ಬರದೆ ಕಾಡಿನಲ್ಲಿ ಪ್ರಾಣ ಬಿಡುತ್ತಾನೆ. ನಾಟಕ ನಿಂತಿರುವುದೇ ಆ ಒಂದು ಸಾಲಿನ ಮೇಲೆ. ನೂರಾರು ಸಲ ಹಾಡಿದ್ದ ಸಾಲು. ಆ ದಿನ ಅವರ ಬಾಯಲ್ಲಿ ‘ಸೋತರೆ’ ಎನ್ನುವುದರ ಬದಲು ‘ಸೋತರೂ’ ಎಂದು ಬಂದುಬಿಟ್ಟಿತು.

"ಎಲ್ಲಿಂದ ಬಂತೋ ಆ ದೀರ್ಘ, ದೇವರಾಣೆ ನನಗೆ ಗೊತ್ತಿಲ್ಲ. ಸೋತರೂ ಅಂದಮೇಲೆ ಬಾರದಿರೊ ಅಂತ ಹೇಳೋಕಾಗುತ್ತಾ? ಅರ್ಥವೇ ಆಗಲ್ಲ. ತಾಳ ಬೇರೆ ಓಡ್ತಿದೆ. ‘ಸೋತರೂ ಬಾರದಿರಬ್ಯಾಡ ಮನೆಗೆ’ ಅಂತ ಮುಗಿಸಿಬಿಟ್ಟೆ. ಜನ ಹೋ ಅಂತ ಒನ್ಸ್ ಮೋರ್ ಕೂಗಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಳ್ತಿದ್ದರು. ನಾನು ಮೇಷ್ಟ್ರ ಕಡೆ ನೋಡಿದೆ. ಹಾರ್ಮೋನಿಯಂ ಮೇಲೆ ಕೈ ಹಾಗೇ ನಿಂತುಹೋಗಿತ್ತು. ನನ್ನನ್ನೇ ನೋಡ್ತಿದ್ದರು. ಬೆಳಗಾದರೆ ಅವರ ಸ್ಟೂಲು ಖಾಲಿ." ಇಷ್ಟು ಹೇಳಿ ಅವರು ಗೋಡೌನಿನ ಗೋಡೆಗೆ ಒರಗಿ ನಿಂತರು.

ಎಲುಬಿಲ್ಲದ ನಾಲಿಗೆ ನನ್ನದು. ಸುಮ್ಮನಿರಬಹುದಿತ್ತು. "ತಪ್ಪು ಸಣ್ಣದಲ್ಲಮ್ಮ. ಎತ್ವದ ಜಾಗದಲ್ಲಿ ಕೊಂಬಿನ ದೀರ್ಘ ಬಂದರೆ ಇಡೀ ನಾಟಕ ಬಿದ್ದುಹೋಯಿತಲ್ಲ! ಹಾಗೆ ಹಾಡಿ ಕಳಿಸಿದಮೇಲೆ ಮಗ ಯಾಕೆ ಸಾಯಬೇಕು? ಬರೆದವರ ಹೊಟ್ಟೆ ಉರಿಯದೆ ಇರುತ್ತದೆಯೇ?" ಎಂದುಬಿಟ್ಟೆ. ಮಂಗಳಮ್ಮ ತಲೆಯಾಡಿಸಿದರು. ಆಮೇಲೆ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಬಂದಾಗಲೂ ಎರಡು ತುತ್ತು ಉಂಡು ಎಲೆ ಮಡಿಸಿದರು. ಸಾಯಂಕಾಲದವರೆಗೂ ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ಮೂರನೆಯ ದಿನ ಕೊರಟಗೆರೆಯಲ್ಲಿ ಇಳಿದು ತೋವಿನಕೆರೆಯ ಬಸ್ಸಿಗೆ ಒಂದೂವರೆ ಗಂಟೆ ಕಾದೆವು. ಮಳೆ ಬಂದು ನಿಂತಿತ್ತು. ತೋವಿನಕೆರೆಯಲ್ಲಿ ಗಿರಿಯಪ್ಪ ಮೇಷ್ಟ್ರ ಅಕ್ಕನ ಮನೆ ಯಾವುದು ಎಂದು ಕೇಳುವುದೇ ತಡ, ನಾಲ್ಕು ಜನ ನಾಲ್ಕು ಕಡೆ ಕೈ ತೋರಿಸಿದರು. ಕೊನೆಗೆ ಸಿಕ್ಕಿತು. ಪುಟ್ಟಮ್ಮ ಎಂಬ ಅಜ್ಜಿ ಜಗುಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಗಿರಿಯನಾ? ಅವನು ತೀರ್ಕಂಡು ಎಲ್ಡು ವರ್ಸ ಆತು ಕಣಮ್ಮ" ಎಂದರು.

ಮಂಗಳಮ್ಮ ನಿಂತವರು ಹಾಗೆಯೇ ಜಗುಲಿಯ ಅಂಚಿಗೆ ಕೂತರು. ಅಷ್ಟು ದಿನದಲ್ಲಿ ಅವರ ಬೆನ್ನು ಬಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಜ್ಜಿಗೆ ಏನನ್ನಿಸಿತೋ, ಒಳಗೆ ಹೋಗಿ ಮಜ್ಜಿಗೆ ತಂದು ಅವರ ಕೈಗೆ ಲೋಟ ಹಿಡಿಸಿದರು.

"ಕಂಪ್ನಿ ಬುಟ್ಟೋನು ಊರಿಗೂ ಬರ್ಲಿಲ್ಲ. ಸೀದಾ ಆ ಕಡೀಕೋದ, ಪಾವಗಡದ ತಾವ ಒಂದು ಹಟ್ಟಿ ಐತೆ, ಅಲ್ಲೇ ಉಳ್ಕಂಡ. ಹಟ್ಟಿ ಗೊಲ್ರಿಗೆ ನಾಟ್ಕ ಕಲಿಸ್ತಿದ್ದ. ಯಾಕೋದ, ಏನ್ ಕತೆ, ನಂಗೂ ಯೋಳ್ಲಿಲ್ಲ. ಮಗ ತಿಪ್ಪೇಸ್ವಾಮಿ ಅಲ್ಲೇ ಅವ್ನೆ" ಎಂದರು ಪುಟ್ಟಮ್ಮ.

ಇನ್ನೇನು, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ನಾನು ತುಮಕೂರು ಬಸ್ಸಿನ ಹೊತ್ತು ವಿಚಾರಿಸಲು ಎದ್ದೆ. ಮಂಗಳಮ್ಮ ಮುಖ ಒರೆಸಿಕೊಂಡು, "ನೀವು ಹೋಗಿ ಪಂಡಿತರೇ, ನಾನು ಪಾವಗಡಕ್ಕೆ ಹೋಗ್ತೀನಿ" ಎಂದರು. "ಮಗನ ಹತ್ತಿರವಾದರೂ ಕೇಳ್ಕೋತೀನಿ. ನಿಮ್ಮಪ್ಪ ಕಂಪನಿ ಬಿಟ್ಟು, ಹೆಸರು ಬಿಟ್ಟು ಮೂಲೆ ಸೇರಿದ್ದು ನನ್ನಿಂದ, ಬೈದುಬಿಡಪ್ಪ ಅಂತೀನಿ." ಅವರನ್ನು ಒಬ್ಬರನ್ನೇ ಕಳಿಸಿ ಮನೆಗೆ ಹೋದರೆ ನನ್ನ ಹೆಂಡತಿ ಬಾಗಿಲು ತೆಗೆಯುತ್ತಿರಲಿಲ್ಲ. ನಾನೂ ಹೊರಟೆ.

ನಾಲ್ಕನೆಯ ದಿನದ ದಾರಿ ಉದ್ದ. ಮಧುಗಿರಿ ದಾಟಿ ಐ.ಡಿ.ಹಳ್ಳಿ ಬರುವ ಹೊತ್ತಿಗೆ ಬಸ್ಸಿನ ಹಿಂದಿನ ಚಕ್ರ ಪಂಕ್ಚರಾಯಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಒಂದು ಗಂಟೆ ಹೊಂಗೆಮರದ ಕೆಳಗೆ ಕೂತೆವು. ಪಕ್ಕದ ಹೊಲದಲ್ಲಿ ಕಡಲೆಗಿಡ ಕೀಳುತ್ತಿದ್ದವರು ಕರೆದು ಸೆರಗಿನ ತುಂಬ ಹಸಿ ಕಡಲೆಕಾಯಿ ಕೊಟ್ಟರು. ಅಲ್ಲಿಂದ ಮುಂದೆ ಬಸ್ಸಿನೊಳಗಿನ ಮಾತು ನಿಧಾನವಾಗಿ ತೆಲುಗಿಗೆ ಹೊರಳಿತು. ಒಬ್ಬನೇ ಮನುಷ್ಯ ಹೆಂಡತಿಗೆ ಕನ್ನಡದಲ್ಲಿ, ಕಂಡಕ್ಟರನಿಗೆ ತೆಲುಗಿನಲ್ಲಿ ರೇಗುತ್ತಿದ್ದ. ಪಾವಗಡದಲ್ಲಿ "ದಿಗಂಡಿ, ದಿಗಂಡಿ" ಎಂದು ನಮ್ಮನ್ನು ಇಳಿಸಿದರು. ಹೋಟೆಲಿನಲ್ಲಿ ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ, "ಮುಖಾರಿ ಬೇಕಾಗಲಿಲ್ಲ ನೋಡಿ" ಎಂದು ಮಂಗಳಮ್ಮ ಛೇಡಿಸಿದರು. ಎರಡು ದಿನದ ಮೇಲೆ ಅವರು ನಕ್ಕದ್ದು ಕಂಡು ನನಗೆ ಜೀವ ಬಂದಂತಾಯಿತು.

ಹಟ್ಟಿ ಅಲ್ಲಿಂದ ನಾಲ್ಕು ಮೈಲಿ. ಕಡಲೆಕಾಯಿ ಮೂಟೆ ಇಳಿಸಿ ಹಿಂತಿರುಗುತ್ತಿದ್ದ ಎತ್ತಿನ ಗಾಡಿಯವನು ಹತ್ತಿಸಿಕೊಂಡ. ದೂರದಿಂದಲೇ ಹಾರ್ಮೋನಿಯಂ ಕೇಳಿಸಿತು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ್ದರಿಂದ ಹಟ್ಟಿಯವರು ತಾಲೀಮನ್ನು ಮಧ್ಯಾಹ್ನವೇ ಮುಗಿಸುತ್ತಿದ್ದರು. ಹುಣಸೆಮರದ ನೆರಳಿನಲ್ಲಿ ಹತ್ತಿಪ್ಪತ್ತು ಜನ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಆ ಕೋಲೇ ಕತ್ತಿ. ಮೂವತ್ತರ ಆಸುಪಾಸಿನ ಗಿಡ್ಡ ಮನುಷ್ಯನೊಬ್ಬ ಕಾಲಿನಿಂದ ಒತ್ತುವ ಹಾರ್ಮೋನಿಯಂ ಮುಂದೆ ಕೂತಿದ್ದ. ಅವನೇ ತಿಪ್ಪೇಸ್ವಾಮಿ. ನಮ್ಮನ್ನು ನೋಡಿ ಬಾರಿಸುತ್ತಲೇ ಗದ್ದ ಎತ್ತಿ ಕೂರಲು ಸನ್ನೆ ಮಾಡಿದ. ಹೆಂಗಸರು "ಸಿನ್ಮಾದಾಗೆ ಬರ್ತಾಳಲ್ಲ ಮಲತಾಯಿ, ಅವಳೇ ಕಣೇ" ಎಂದು ಪಿಸುಗುಟ್ಟುತ್ತ ಚಾಪೆ ಹಾಸಿದರು.

ರಾಣಿಯ ಪಾರ್ಟು ಮಾಡುತ್ತಿದ್ದವನು ದಪ್ಪ ಮೀಸೆಯ ಕುರಿಗಾಹಿ. ಕಂಬಳಿಯನ್ನೇ ಸೆರಗು ಮಾಡಿಕೊಂಡು ಮುಂದೆ ಬಂದ. ಅದೇ ನಾಟಕ. ಅದೇ ಹಾಡು. ಕುರಿಗಾಹಿ ಕಣ್ಣು ಮುಚ್ಚಿ ಹಾಡಿದ, ‘ಗೆದ್ದರೆ ಬಾರೋ ಕಂದ ಹೊಸಿಲ ದೀಪಕೆ, ಸೋತರೂ ಬಾರದಿರಬ್ಯಾಡ ಮನೆಗೆ.’

ಮಂಗಳಮ್ಮ ಎದ್ದು ನಿಂತೇಬಿಟ್ಟರು. "ನಿಲ್ಲಿಸಿ! ನಿಲ್ಲಿಸೀಪ್ಪ. ಅದು ತಪ್ಪು. ಮೇಷ್ಟ್ರು ಬರೆದದ್ದು ‘ಸೋತರೆ ಬಾರದಿರೊ’ ಅಂತ. ಯಾರೋ ತಪ್ಪು ಹಾಡಿದ್ದು ನಿಮ್ಮವರೆಗೂ ಬಂದುಬಿಟ್ಟಿದೆ. ದಯವಿಟ್ಟು ಅದನ್ನ ಹಾಡಬೇಡಿ." ತಮ್ಮ ತಪ್ಪು ಮೇಷ್ಟ್ರ ಮನೆಯಂಗಳದಲ್ಲೇ ಬೇರು ಬಿಟ್ಟಿರುವುದನ್ನು ಕಂಡು ಅವರಿಗೆ ತಡೆಯಲಾಗಿರಲಿಲ್ಲ.

ಹಾರ್ಮೋನಿಯಂ ನಿಂತಿತು. ತಿಪ್ಪೇಸ್ವಾಮಿಯ ಮುಖ ಕೆಂಪಾಯಿತು. "ಏನಮ್ಮ, ಸಿನ್ಮಾದೋರಾದ್ರೆ ನಮ್ಮಪ್ಪನ ಪದ ತಿದ್ಬುಡ್ತೀರಾ? ಹೆಂಗೆ ಹಾಡ್ಬೇಕು ಅಂತ ನಂಗೆ ಹೇಳ್ಕೊಟ್ಟೋರು ನಮ್ಮಪ್ಪ. ಈ ದೀರ್ಘ ನುಂಗಿದ್ರೆ ಬೆಳ್ಳಿನ ಗೆಣ್ಣಿಗೆ ಕೋಲಲ್ಲಿ ಕೊಡ್ತಿದ್ರು. ನೋಡಿ ಇಲ್ಲಿ" ಎಂದು ಕೈ ಮುಂದೆ ಚಾಚಿದ.

"ಬರೆದ ಪುಸ್ತಕದಲ್ಲಿ ಸೋತರೆ ಅಂತಲೇ ಇತ್ತು. ನಾನು ಕಣ್ಣಾರೆ ನೋಡಿದ್ದೀನಿ" ಎಂದರು ಮಂಗಳಮ್ಮ.

"ಇತ್ತು. ಅದ್ನ ಹೊಡ್ದಾಕಿದ್ದೂ ಅವ್ರೇ" ಎಂದ ತಿಪ್ಪೇಸ್ವಾಮಿ. ಅಷ್ಟರಲ್ಲಿ ಸಿಟ್ಟು ಸ್ವಲ್ಪ ಇಳಿದಿತ್ತು. ಬಂದವರು ಹೆಂಗಸು, ಅತಿಥಿ ಎಂಬುದು ನೆನಪಾಯಿತೋ ಏನೋ, ಸ್ಟೂಲಿನಿಂದ ಇಳಿದು ನಮ್ಮೆದುರು ಕುಕ್ಕರುಗಾಲಲ್ಲಿ ಕೂತ. "ನಾನು ಎಸ್ಸೆಸ್ಸೆಲ್ಸಿ ಮೂರು ಕಿತ ಫೇಲಾದೋನು ಕಣಮ್ಮ. ನಮ್ಮಪ್ಪ ಬಲೇ ಕಟ್ಟುನಿಟ್ಟು. ‘ಪಾಸಾದ್ರೆ ಬಾ, ಇಲ್ದಿದ್ರೆ ಈ ಹೊಸ್ಲು ತುಳೀಬ್ಯಾಡ’ ಅಂದ್ರು. ಬರ್ಲಿಲ್ಲ ನಾನು. ಓಡ್ಬಂದ್ಬುಟ್ಟೆ. ಇಲ್ಲಿ ಪಾವಗಡದ ಕಡ್ಲೆಕಾಯಿ ಮಿಲ್ಲಾಗೆ ಮೂಟೆ ಹೊರ್ತಿದ್ದೆ. ಎಲ್ಡು ವರ್ಸ ಅವ್ರಿಗೆ ನಾನು ಎಲ್ಲಿವ್ನಿ ಅಂತ ಗೊತ್ತಿಲ್ಲ, ಹುಡುಕ್ಲೂ ಇಲ್ಲ. ಒಂದಿನ ಹೊತ್ತಾರೆ ಮೂಟೆ ಇಳ್ಸಿ ತಿರುಗ್ತೀನಿ, ಟ್ರಂಕು ಪಕ್ಕದಾಗಿಟ್ಕೊಂಡು ನಮ್ಮಪ್ಪ ನಿಂತವ್ರೆ. ಹದಿನೈದು ದಿನ ಊರೂರು ಕೇಳ್ಕೊಂಡು ಬಂದಿದ್ರಂತೆ. ಹೆದ್ರಿ ಓಡೋಕೋದ್ರೆ ಕೈ ಹಿಡ್ಕಂಡ್ರು."

ಅವನು ಮೂಗು ಒರೆಸಿಕೊಂಡ. ಹಟ್ಟಿಯವರಿಗೆಲ್ಲ ಗೊತ್ತಿದ್ದ ಕಥೆಯಾದರೂ ಎಲ್ಲರೂ ಹತ್ತಿರಕ್ಕೆ ಸರಿದು ಕೂತರು.

"‘ಮಧುಗಿರಿ ಕ್ಯಾಂಪ್ನಾಗೆ ಒಂದು ಹುಡ್ಗಿ ನನ್ನ ಪದ ತಿದ್ದಿ ಹಾಡಿದ್ಲು ಕಣ್ಲಾ, ನಾನು ಬರ್ದಿದ್ದು ತಪ್ಪು, ಅವ್ಳು ಹಾಡಿದ್ದು ಸರಿ, ನಡಿ ಮನೀಗೆ’ ಅಂದ್ರು. ಅಷ್ಟೇ ಅಂದಿದ್ದು. ನಂಗೆ ಊರಿಗೋಗಾಕೆ ನಾಚ್ಕೆ ಆಯ್ತು. ಸರಿ ಬುಡು ಅಂತ ಅವ್ರೂ ಇಲ್ಲೇ ಉಳ್ಕಂಡ್ರು. ನಾಟ್ಕದ ಕೊನೇನೂ ಬದ್ಲಾಯ್ಸಿದ್ರು. ನಮ್ಮ ನಾಟ್ಕದಾಗೆ ಮಗ ಸೋತು ಮನೀಗೆ ಬತ್ತಾನೆ" ಎಂದ ತಿಪ್ಪೇಸ್ವಾಮಿ.

ಸರ್ವಮಂಗಳಮ್ಮ ಅದ್ಯಾವಾಗಲೋ ಮತ್ತೆ ಚಾಪೆಯ ಮೇಲೆ ಕೂತಿದ್ದರು. ನನ್ನ ಸ್ಥಿತಿ ಹೇಳಬಾರದು. ಮೂವತ್ತು ವರ್ಷ ದೀರ್ಘಕ್ಕೆ ಅರ್ಧ ಅಂಕ ಕಳೆದ ಮನುಷ್ಯ, ಮಧುಗಿರಿಯಲ್ಲಿ ಅವರಿಗೆ ವ್ಯಾಕರಣ ಹೇಳಿದ ದೊಡ್ಡ ಪಂಡಿತ, ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡೆ. "ಆ ಹುಡುಗಿಗೆ ಒಂದು ಕಾಗದವನ್ನಾದರೂ ಬರೆಯಬಾರದಿತ್ತೇನಪ್ಪ?" ಎಂದೆ.

"ಏನಂತ ಬರೀತಾರೆ ಸ್ವಾಮಿ? ಹೆತ್ತ ಮಗನ್ನ ನಾನೇ ಓಡ್ಸಿದ್ದೆ ಅಂತ ಬರೀತಾರಾ? ಮರ್ವಾದೆ. ಆದ್ರೆ ಆ ಹುಡ್ಗಿ ಸಿಕ್ಕಿದ್ರೆ ಕಾಲಿಗೆ ಬೀಳು ಅಂತ ನಂಗೆ ಹೇಳವ್ರೆ" ಎಂದ.

"ಅಯ್ಯೋ ಮಾರಾಯ, ಆ ಹುಡುಗಿ..." ಎಂದು ನಾನು ಬಾಯಿ ತೆಗೆದೆನೋ ಇಲ್ಲವೋ, ಮಂಗಳಮ್ಮ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದರೆಂದರೆ ಮುಂದಿನದು ಬರೀ "ಆಹಾ" ಎಂದಾಯಿತು.

"ಆ ಸಾಲು ನನಗೂ ಹೇಳಿಕೊಡಪ್ಪ" ಎಂದರು ಮಂಗಳಮ್ಮ.

ತಿಪ್ಪೇಸ್ವಾಮಿ ಸ್ಟೂಲು ಏರಿದ. ಶ್ರುತಿ ಕೊಟ್ಟ. ಮಂಗಳಮ್ಮ ಎದ್ದು ಸೆರಗು ಬಿಗಿದು ಹಾಡಿದರು. ಮೊದಲ ಸಾಲಿಗೇ ಹಟ್ಟಿಯ ನಾಯಿಗಳೂ ಸುಮ್ಮನಾದವು. ಆದರೆ ‘ಸೋತರೂ’ ಬಂದಾಗ ಹದಿಮೂರು ವರ್ಷದ ಅಂಜಿಕೆ ಅಡ್ಡ ಬಂತು. ದೀರ್ಘ ಅರ್ಧಕ್ಕೇ ನಿಂತಿತು.

"ಊಹೂಂ! ದೀರ್ಘ ಎಲ್ಲೋಯ್ತು? ನುಂಗ್ಬುಟ್ರಲ್ಲ! ಮಳ್ಳಾ ಪಾಡಂಡಿ" ಎಂದು ತಿಪ್ಪೇಸ್ವಾಮಿ ಪೆಟ್ಟಿಗೆ ಕುಟ್ಟಿದ. ಇನ್ನೊಮ್ಮೆ ಹಾಡಿದರು. "ಏನಮ್ಮ ಇದು, ನಮ್ಮಪ್ಪನ ಪದ ತಿದ್ದಾಕೆ ಬಂದ್ರಿ, ಒಂದು ದೀರ್ಘ ಎಳ್ಯಾಕ್ ಬರಲ್ವಾ? ನಮ್ಮ ಕುರಿ ಕಾಯೋನು ಎಳೀತಾನೆ! ಮಗ ಎಲ್ಲವ್ನೋ ಗೊತ್ತಿಲ್ಲ, ಅಲ್ಲೀಗಂಟ ಕೇಳ್ಬೇಕು ನಿಮ್ಮ ದನಿ!" ಎಂದು ಚೆನ್ನಾಗಿ ಬೈದ. ಹೆಂಗಸರು ಬಾಯಿಗೆ ಕೈ ಹಚ್ಚಿಕೊಂಡರು.

ಮೂರನೆಯ ಸಲ ಅವರು ದನಿ ಬಿಟ್ಟರು. ಮೋಹನ ರಾಗದಲ್ಲಿ ಏರಿದ ಹಾಡು ಆ ಒಂದು ಅಕ್ಷರದಲ್ಲಿ ಆನಂದಭೈರವಿಗೆ ಇಳಿಯಿತು. ಮೇಷ್ಟ್ರು ಆ ತಪ್ಪಿಗಾಗಿ ಮಟ್ಟನ್ನೇ ಬದಲಿಸಿ, ಒಂದು ಆವರ್ತ ಪೂರ್ತಿ ಅದಕ್ಕೆ ಬಿಟ್ಟುಕೊಟ್ಟಿದ್ದರು ಎಂಬುದು ನನಗೂ ತಿಳಿಯಿತು. ಮೈಸೂರಿನ ವಿದ್ವಾಂಸರ ಪಾಠ, ಹತ್ತು ವರ್ಷದ ಕಂಪನಿ, ಇಷ್ಟು ವರ್ಷದ ಸಿನಿಮಾ ಎಲ್ಲವೂ ಆ ‘ರೂ’ನಲ್ಲಿ ಇದ್ದವು. ನಾನು ದೊಡ್ಡ ದೊಡ್ಡ ಕಛೇರಿಗಳನ್ನು ಕೇಳಿದ್ದೇನೆ. ಅಂಥದ್ದನ್ನು ಕೇಳಿಲ್ಲ. ಮೀಸೆಯ ಕುರಿಗಾಹಿ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ತಿಪ್ಪೇಸ್ವಾಮಿ ಕಣ್ಣು ತೆರೆದು, "ಹೂಂ, ಈಗ ಪರ್ವಾಗಿಲ್ಲ" ಎಂದ.

ಹಟ್ಟಿಯವರು ಕೊಟ್ಟ ಹಾಲು ಕುಡಿದು, ಊರ ಹೊರಗೆ ಮೇಷ್ಟ್ರನ್ನು ಮಣ್ಣು ಮಾಡಿದ ಜಾಗಕ್ಕೆ ಕೈ ಮುಗಿದು ರಸ್ತೆಗೆ ಬಂದಾಗ ನಾಲ್ಕೂವರೆ. ತಿಪ್ಪೇಸ್ವಾಮಿಯೂ ಬಸ್ಸು ಹತ್ತಿಸಲು ಬಂದ. ಅವನು ಎರಡು ಮಾರು ಮುಂದೆ ನಡೆಯುತ್ತಿದ್ದಾಗ ನಾನು ತಡೆಯಲಾರದೆ ಕೇಳಿದೆ. "ಯಾಕಮ್ಮ ಹೇಳಲಿಲ್ಲ? ಎಷ್ಟು ಸಂತೋಷಪಡ್ತಿದ್ದ!"

"ಹೇಳಿದ್ದರೆ ಕಾಲಿಗೆ ಬೀಳ್ತಿದ್ದ. ಹಾರ ಹಾಕಿ ಕೂರಿಸ್ತಿದ್ದ. ಕಾಲಿಗೆ ಬೀಳೋ ಜನ ನನಗೆ ಬೇಕಾದಷ್ಟು ಇದ್ದಾರೆ. ಬೈದನಲ್ಲ ಪಂಡಿತರೇ, ಎಷ್ಟು ಚೆನ್ನಾಗಿ ಬೈದ! ಥೇಟ್ ಅವರಪ್ಪನ ಹಾಗೆ" ಎಂದರು ಮಂಗಳಮ್ಮ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಪಾವಗಡದ ಕಡೆಯಿಂದ ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟು, ಧೂಳೆದ್ದು, ಐದಾರು ಮಾರು ಹೋದಮೇಲೆ ತಿಪ್ಪೇಸ್ವಾಮಿ ಹಿಂದಿನಿಂದ ಓಡೋಡಿ ಬಂದು ಕೂಗಿದ, "ಅಮ್ಮಾ! ಸಿನ್ಮಾದಾಗೆ ಹಾಡಿದ್ರೆ ಆ ದೀರ್ಘ ನುಂಗ್ಬ್ಯಾಡ್ರೀ!"

ಸರ್ವಮಂಗಳಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೊನೆಯ ಸಾಲಿನವನಿಗೂ ಕೇಳಿಸುವ ದನಿಯಲ್ಲಿ ಉತ್ತರ ಕೊಟ್ಟರು.

"ನುಂಗಲ್ಲ ಮೇಷ್ಟ್ರೇ!"